ದಾರಿ ಹೇಳುವ ಪೆಟ್ಟಿಗೆ

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬುದು ನಮ್ಮಲ್ಲಿ ಹಳೆಯ ಮಾತು. ಪ್ರಯಾಣಕ್ಕೂ ಈ ಮಾತು ಸಲ್ಲುತ್ತದೆ. ಶಿವಮೊಗ್ಗದ ಆಲ್ಕೊಳ ವೃತ್ತದಲ್ಲಿ ನಿಂತು ಸಾಗರದ ರಸ್ತೆ ಯಾವುದೆಂದು ಕೇಳಿದರೆ ಹತ್ತು ಜನ ಕೈ ಚಾಚಿ ತೋರಿಸುತ್ತಾರೆ. ಆದರೆ ರಾತ್ರಿ ಹನ್ನೊಂದು ಗಂಟೆಗೆ, ಆಷಾಢದ ಜಡಿಮಳೆಯಲ್ಲಿ, ಹುಲಿಕಲ್ಲಿನ ಕಾಡಿನ ನಡುವೆ ರಸ್ತೆ ಎರಡಾಗಿ ಒಡೆದರೆ ಅಲ್ಲಿ ಕೈ ಚಾಚುವವರು ಯಾರು? ಅಂತಹ ಹೊತ್ತಿಗೆ ಒದಗಲೆಂದೇ ಜಿ.ಪಿ.ಎಸ್. ಎಂಬ ದಾರಿ ಹೇಳುವ ಯಂತ್ರ ನಮ್ಮ ಕೈಗೆ ಬಂದಿದೆ. ಕೆಲವರು ಅದನ್ನು ಬೇರೆ ಪೆಟ್ಟಿಗೆಯಾಗಿಯೇ ಕೊಂಡು ಕಾರಿನ ಗಾಜಿನ ಬಳಿ ಕೂರಿಸುತ್ತಾರೆ. ಹೆಚ್ಚಿನವರು ಮೊಬೈಲ್ ಫೋನಿನಲ್ಲಿಯೇ ಆ ಕೆಲಸ ಮುಗಿಸುತ್ತಾರೆ. ಇವೆರಡರಲ್ಲಿ ಯಾವುದು ಮೇಲು? ಕೊಳ್ಳುವಾಗ ಏನನ್ನು ನೋಡಬೇಕು? ಕೊಂಡ ಮೇಲೆ ಅದರ ಮಾತನ್ನು ಎಷ್ಟರ ಮಟ್ಟಿಗೆ ನಂಬಬೇಕು? ಮಳೆಗಾಲದಲ್ಲಿ ಸಂಸಾರ ಸಮೇತ ಘಾಟಿ ಇಳಿಯುವವರಿಗೆ ಇವು ಪ್ರಾಣಕ್ಕೆ ಸಂಬಂಧಿಸಿದ ಪ್ರಶ್ನೆಗಳು. ಆದುದರಿಂದ ಸ್ವಲ್ಪ ವಿವರವಾಗಿಯೇ ನೋಡೋಣ.

ಇದೂ ಒಂದು ರೇಡಿಯೋ

ನಿಮ್ಮ ಮನೆಯ ರೇಡಿಯೋ ಹೇಗೆ ಕೆಲಸ ಮಾಡುತ್ತದೆಂಬುದು ನಿಮಗೆ ಗೊತ್ತು. ನಿಲಯ ಪ್ರಸಾರ ಮಾಡುತ್ತದೆ, ನೀವು ಕೇಳುತ್ತೀರಿ. ನೀವು ಕೇಳುತ್ತಿರುವಿರೆಂಬುದು ನಿಲಯಕ್ಕೆ ತಿಳಿಯದು. ಜಿ.ಪಿ.ಎಸ್. ಯಂತ್ರವೂ ಇದೇ ಜಾತಿಗೆ ಸೇರಿದ್ದು. ನೆಲದಿಂದ ಸುಮಾರು ೨೦,೨೦೦ ಕಿಲೋಮೀಟರು ಎತ್ತರದಲ್ಲಿ ಉಪಗ್ರಹಗಳು ದಿನಕ್ಕೆ ಎರಡು ಬಾರಿ ಭೂಮಿಯನ್ನು ಸುತ್ತುತ್ತ, 'ನಾನು ಇಂಥವನು, ಈಗ ಇಷ್ಟು ಗಂಟೆ, ನಾನಿರುವುದು ಇಲ್ಲಿ' ಎಂದು ಎಡೆಬಿಡದೆ ಸಾರುತ್ತಿರುತ್ತವೆ. ನಿಮ್ಮ ಯಂತ್ರ ಅದನ್ನು ಕೇಳಿಸಿಕೊಳ್ಳುತ್ತದೆ, ಅಷ್ಟೆ. ಅದು ಉಪಗ್ರಹಕ್ಕೆ ಏನನ್ನೂ ಕಳುಹಿಸುವುದಿಲ್ಲ. ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಒಂದು, ಈ ಸಂಕೇತಕ್ಕೆ ಯಾರೂ ಹಣ ತೆರಬೇಕಾಗಿಲ್ಲ. ಎರಡು, ಮೊಬೈಲ್ ಕಂಪನಿಯ ಸಂಪರ್ಕ ತಪ್ಪಿದರೂ ನೀವಿರುವ ಸ್ಥಾನವನ್ನು ಯಂತ್ರ ಕಂಡುಹಿಡಿಯಬಲ್ಲದು. ಕಾಡಿನಲ್ಲಿ ಫೋನಿನ ಗೆರೆಗಳು ಮಾಯವಾದೊಡನೆ ಜಿ.ಪಿ.ಎಸ್. ಕೂಡ ನಿಂತಿತೆಂದು ಹಲವರು ಭಾವಿಸುತ್ತಾರೆ. ನಿಂತಿರುವುದು ಜಿ.ಪಿ.ಎಸ್. ಅಲ್ಲ, ಅಂತರಜಾಲದಿಂದ ಬರುತ್ತಿದ್ದ ನಕ್ಷೆ. ಈ ಭೇದವನ್ನು ನೆನಪಿನಲ್ಲಿಡಿ. ಮುಂದೆ ಇದರಿಂದ ಪ್ರಯೋಜನವಿದೆ.

ರೇಡಿಯೋವಿಗೂ ಇದಕ್ಕೂ ಒಂದು ವ್ಯತ್ಯಾಸವುಂಟು. ೧೯೬೫ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿಯನ್ನು ೬೭೫ ಕಿಲೋಹರ್ಟ್ಜ್ ಮಧ್ಯಮ ತರಂಗದಲ್ಲಿ ಕೇಳಿದವರು ಅಡಿಗೆಮನೆಯೊಳಗೆ ಕುಳಿತೂ ಕೇಳಿದ್ದಾರೆ. ಆ ತರಂಗದ ಉದ್ದ ಸುಮಾರು ೪೪೪ ಮೀಟರು. ಅದು ನೆಲವನ್ನು ಅನುಸರಿಸಿ, ಗುಡ್ಡವನ್ನು ಬಳಸಿ ಬರಬಲ್ಲದು. ಜಿ.ಪಿ.ಎಸ್. ಉಪಗ್ರಹದ ಮುಖ್ಯ ಸಂಕೇತ ಬರುವುದು ೧೫೭೫.೪೨ ಮೆಗಾಹರ್ಟ್ಜ್‌ನಲ್ಲಿ, ಅದರ ತರಂಗದ ಉದ್ದ ಕೇವಲ ೧೯ ಸೆಂಟಿಮೀಟರು. ಅದು ಬೆಳಕಿನಂತೆ ನೇರವಾಗಿ ಬರುತ್ತದೆ. ಕಾಂಕ್ರೀಟಿನ ಛಾವಣಿ, ತಗಡು, ಕಡಿದಾದ ಬಂಡೆ, ಮಳೆಯಲ್ಲಿ ತೊಯ್ದ ದಟ್ಟ ಮರಗಳ ಎಲೆ ಇವುಗಳಿಂದ ಅದಕ್ಕೆ ಅಡ್ಡಿಯಾಗುತ್ತದೆ. ಮಳೆ ಮತ್ತು ಮೋಡಗಳಿಂದ ಹೇಳಿಕೊಳ್ಳುವಂತಹ ತೊಂದರೆಯಿಲ್ಲ. ಆದುದರಿಂದ ಯಂತ್ರಕ್ಕೆ ಬೇಕಾದದ್ದು ತೆರೆದ ಆಕಾಶ.

ಗಡಿಯಾರದ ಲೆಕ್ಕ

೧೯೫೭ರ ಅಕ್ಟೋಬರಿನಲ್ಲಿ ಸೋವಿಯತ್ ದೇಶ ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದಾಗ ಅದರ ಬೀಪ್ ಬೀಪ್ ಶಬ್ದವನ್ನು ಜಗತ್ತಿನ ಹವ್ಯಾಸಿ ರೇಡಿಯೋ ಕೇಳುಗರು ಹಿಡಿದು ಕೇಳಿದರು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಶಾಲೆಯೊಂದರಲ್ಲಿ ಗೈಯರ್ ಮತ್ತು ವೈಫೆನ್‌ಬಾಕ್ ಎಂಬಿಬ್ಬರು ಆ ಶಬ್ದದ ಏರಿಳಿತವನ್ನು ಅಳೆದು ಉಪಗ್ರಹದ ಪಥವನ್ನು ಗುಣಿಸಿದರು. ನೆಲದ ಮೇಲಿನ ಸ್ಥಾನ ತಿಳಿದಿದ್ದರೆ ಉಪಗ್ರಹದ ಪಥ ತಿಳಿಯುವುದಾದರೆ, ಉಪಗ್ರಹದ ಪಥ ತಿಳಿದಿದ್ದರೆ ನೆಲದ ಮೇಲಿನ ಸ್ಥಾನ ತಿಳಿಯಬಾರದೇಕೆ ಎಂಬ ತಿರುವುಮುರುವು ಪ್ರಶ್ನೆಯಿಂದಲೇ ಉಪಗ್ರಹದ ಮೂಲಕ ದಾರಿ ಕಾಣುವ ವಿದ್ಯೆ ಹುಟ್ಟಿತು. ಈಗಿನ ಜಿ.ಪಿ.ಎಸ್.ನ ಮೊದಲ ಉಪಗ್ರಹ ಹಾರಿದ್ದು ೧೯೭೮ರಲ್ಲಿ. ವ್ಯವಸ್ಥೆ ಪೂರ್ಣವಾದುದು ೧೯೯೫ರಲ್ಲಿ.

ಲೆಕ್ಕ ಹೀಗೆ. ರೇಡಿಯೋ ತರಂಗ ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರು ಚಲಿಸುತ್ತದೆ. ಸಂಕೇತ ಹೊರಟ ವೇಳೆಗೂ ತಲಪಿದ ವೇಳೆಗೂ ಇರುವ ಅಂತರವನ್ನು ಈ ವೇಗದಿಂದ ಗುಣಿಸಿದರೆ ಆ ಉಪಗ್ರಹ ಎಷ್ಟು ದೂರದಲ್ಲಿದೆ ಎಂಬುದು ಸಿಗುತ್ತದೆ. ಮೂರು ಉಪಗ್ರಹಗಳ ದೂರ ತಿಳಿದರೆ ನೀವಿರುವ ಸ್ಥಾನ ಗೊತ್ತಾಗಬೇಕು. ಆದರೆ ಗಡಿಯಾರ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೂ ೩೦೦ ಮೀಟರು ವ್ಯತ್ಯಾಸವಾಗುತ್ತದೆ. ಉಪಗ್ರಹದಲ್ಲಿ ಪರಮಾಣು ಗಡಿಯಾರವಿದೆ. ನಿಮ್ಮ ಯಂತ್ರದಲ್ಲಿರುವುದು ಅಗ್ಗದ ಗಡಿಯಾರ. ಆ ತಪ್ಪನ್ನು ತಿದ್ದಿಕೊಳ್ಳಲು ನಾಲ್ಕನೆಯ ಉಪಗ್ರಹವೊಂದು ಬೇಕಾಗುತ್ತದೆ. ಆದುದರಿಂದ ನಾಲ್ಕಾದರೂ ಉಪಗ್ರಹಗಳು ಕಾಣಬೇಕು. ಹೆಚ್ಚು ಕಂಡಷ್ಟೂ ಒಳ್ಳೆಯದು.

೨೦೦೦ದ ಮೇ ತಿಂಗಳವರೆಗೆ ಅಮೆರಿಕದವರು ಸಾರ್ವಜನಿಕರ ಸಂಕೇತವನ್ನು ಬೇಕೆಂದೇ ಕೆಡಿಸಿಡುತ್ತಿದ್ದರು. ಸ್ಥಾನ ನೂರು ಮೀಟರಿನಷ್ಟು ತಪ್ಪುತ್ತಿತ್ತು. ಆ ನಿರ್ಬಂಧ ತೆಗೆದ ಮೇಲೆಯೇ ರಸ್ತೆಯ ತಿರುವನ್ನು ತಿರುವಾಗಿ ತೋರಿಸುವುದು ಸಾಧ್ಯವಾಯಿತು. ಈಗ ಬಯಲಿನಲ್ಲಿ ಐದು ಹತ್ತು ಮೀಟರಿನೊಳಗೆ ಸ್ಥಾನ ಸಿಗುತ್ತದೆ. ಅನ್ಯರ ಉಪಗ್ರಹಗಳನ್ನೇ ನೆಚ್ಚಿಕೊಂಡಿರಬಾರದೆಂದು ನಮ್ಮ ದೇಶವೂ ನಾವಿಕ್ ಎಂಬ ಸ್ವಂತ ವ್ಯವಸ್ಥೆಯನ್ನು ಕಟ್ಟಿತು. ಅದರ ಮೊದಲ ಉಪಗ್ರಹ ಹಾರಿದ್ದು ೨೦೧೩ರ ಜುಲೈ ೧ರಂದು. ಇದರ ಉಪಗ್ರಹಗಳನ್ನು ನೋಡಿಕೊಳ್ಳುವ ಕೇಂದ್ರಗಳಲ್ಲಿ ಒಂದು ನಮ್ಮ ಹಾಸನದಲ್ಲಿದೆ. ಸಂಚಾರ ಲೆಕ್ಕದ ಕೇಂದ್ರ ಬೆಂಗಳೂರಿನ ಬಳಿಯ ಬ್ಯಾಲಾಳಿನಲ್ಲಿದೆ. ನಾವಿಕ್‌ನ ಕೆಲವು ಉಪಗ್ರಹಗಳಲ್ಲಿ ಗಡಿಯಾರಗಳು ಕೆಟ್ಟುದರಿಂದ ಬದಲಿ ಉಪಗ್ರಹಗಳನ್ನು ಹಾರಿಸಬೇಕಾಯಿತು. ೨೦೨೩ರ ಮೇ ತಿಂಗಳಲ್ಲಿ ಹಾರಿದ ಉಪಗ್ರಹದಲ್ಲಿ ನಮ್ಮ ದೇಶದಲ್ಲೇ ತಯಾರಾದ ಪರಮಾಣು ಗಡಿಯಾರವಿತ್ತು. ಕೊಳ್ಳುವವರಿಗೆ ಇದರ ತಾತ್ಪರ್ಯವಿಷ್ಟೆ: ಒಂದೇ ವ್ಯವಸ್ಥೆಯನ್ನು ಕೇಳುವ ಯಂತ್ರಕ್ಕಿಂತ ಅಮೆರಿಕದ ಜಿ.ಪಿ.ಎಸ್., ರಷ್ಯದ ಗ್ಲೊನಾಸ್, ಯೂರೋಪಿನ ಗೆಲಿಲಿಯೋ, ನಮ್ಮ ನಾವಿಕ್ ಹೀಗೆ ಹಲವನ್ನು ಕೇಳಬಲ್ಲ ಯಂತ್ರ ಘಾಟಿಯ ಇಕ್ಕಟ್ಟಿನಲ್ಲಿ ಹೆಚ್ಚು ಉಪಯುಕ್ತ.

ನಕ್ಷೆಗೂ ವಯಸ್ಸಾಗುತ್ತದೆ

ಸ್ಥಾನ ಹೇಳುವುದು ಉಪಗ್ರಹದ ಕೆಲಸ. ದಾರಿ ಹೇಳುವುದು ನಕ್ಷೆಯ ಕೆಲಸ. ಅಪಾಯವೆಲ್ಲ ಬಹುಮಟ್ಟಿಗೆ ನಕ್ಷೆಯಿಂದಲೇ ಬರುತ್ತದೆ. ನಕ್ಷೆ ಮನುಷ್ಯ ಮಾಡಿದ್ದು. ರಸ್ತೆ ಬದಲಾದರೆ ಅದು ತಾನಾಗಿ ಬದಲಾಗುವುದಿಲ್ಲ.

ನಮ್ಮ ಜಿಲ್ಲೆಯದೇ ಉದಾಹರಣೆ ನೋಡಿ. ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ಹರಡಿದಾಗ ಎಷ್ಟೋ ಹಳೆಯ ದಾರಿಗಳು ಮುಳುಗಿದವು. ಸಿಗಂದೂರಿಗೆ ಹೋಗುವವರು ಹಿನ್ನೀರನ್ನು ಲಾಂಚಿನಲ್ಲಿಯೇ ದಾಟಬೇಕಾಯಿತು. ೨೦೨೫ರ ಜುಲೈ ೧೪ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಉದ್ಘಾಟನೆಯಾಯಿತು. ಅದಕ್ಕಿಂತ ಹಳೆಯ ನಕ್ಷೆಯುಳ್ಳ ಯಂತ್ರ ಇಂದಿಗೂ ನಿಮ್ಮನ್ನು ಲಾಂಚಿನ ದಡಕ್ಕೆ ಕರೆದೊಯ್ದೀತು, ಇಲ್ಲವೆ ಸುತ್ತುಬಳಸಿನ ದಾರಿ ಹಿಡಿಸೀತು. ಅಂತೆಯೇ ಸೋಗಾನೆಯ ವಿಮಾನನಿಲ್ದಾಣ ೨೦೨೩ರ ಫೆಬ್ರವರಿ ೨೭ರಂದು ತೆರೆಯಿತು. ಹಳೆಯ ನಕ್ಷೆಗೆ ಅದು ಬರಿಯ ಬಯಲು.

ಇಲ್ಲಿ ನಷ್ಟವಾಗುವುದು ಎಣ್ಣೆ ಮತ್ತು ವೇಳೆ ಮಾತ್ರ. ಆದರೆ ೨೦೨೪ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿ ಜಿಲ್ಲೆಯಲ್ಲಿ ನಡೆದುದು ಘೋರ. ರಾಮಗಂಗಾ ನದಿಯ ಸೇತುವೆಯ ಒಂದು ಭಾಗ ಪ್ರವಾಹದಲ್ಲಿ ಕೊಚ್ಚಿಹೋಗಿತ್ತು. ನಕ್ಷೆಯಲ್ಲಿ ಸೇತುವೆ ಹಾಗೆಯೇ ಇತ್ತು. ಯಂತ್ರದ ಮಾತನ್ನು ನಂಬಿ ಹೊರಟ ಕಾರು ಸೇತುವೆಯ ತುದಿಯಿಂದ ಕೆಳಗೆ ಬಿದ್ದು ಮೂವರು ಸತ್ತರೆಂದು ಪೊಲೀಸರು ತಿಳಿಸಿದರು. ಅಲ್ಲಿ ಉಪಗ್ರಹ ತಪ್ಪಿರಲಿಲ್ಲ. ಕಾರು ಎಲ್ಲಿದೆ ಎಂಬುದನ್ನು ಅದು ಸರಿಯಾಗಿಯೇ ಹೇಳಿತ್ತು. ಮುಂದೆ ರಸ್ತೆ ಇದೆಯೆ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಬೇರೆ. ಆ ಕೊನೆಯ ಉತ್ತರ ಯಾವಾಗಲೂ ವಾಹನದ ದೀಪದ್ದು ಮತ್ತು ನಿಮ್ಮ ಕಣ್ಣಿನದು.

ಕೊಳ್ಳುವಾಗ

ಪಟ್ಟಣದೊಳಗೂ ಹೆದ್ದಾರಿಯಲ್ಲೂ ಓಡಾಡುವವರಿಗೆ ಫೋನೇ ಸಾಕು. ಅದರಲ್ಲಿ ನಕ್ಷೆ ಹೊಸದಾಗಿರುತ್ತದೆ, ವಾಹನಗಳ ದಟ್ಟಣೆಯೂ ತಿಳಿಯುತ್ತದೆ. ಆದರೆ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳದಿದ್ದರೆ ಕಾಡಿನಲ್ಲಿ ಅದು ಬರಿದಾಗುತ್ತದೆ, ಬಿಸಿಲಿನಲ್ಲಿ ಕಾಯುತ್ತದೆ, ನಡುವೆ ಕರೆ ಬಂದರೆ ದಾರಿ ಮರೆಯಾಗುತ್ತದೆ. ಬೇರೆ ಪೆಟ್ಟಿಗೆಯಲ್ಲಿ ನಕ್ಷೆ ಒಳಗೇ ಇರುತ್ತದೆ, ಗಾಜಿನ ಬಳಿಯ ಬಿಸಿಲನ್ನು ತಡೆಯುವಂತೆ ಅದನ್ನು ಮಾಡಿರುತ್ತಾರೆ, ಮತ್ತು ಅದಕ್ಕೆ ಬೇರೆ ಕೆಲಸವಿಲ್ಲ. ಹೆಚ್ಚಾಗಿ ಮಲೆನಾಡು, ಕರಾವಳಿಗಳಲ್ಲಿ ತಿರುಗುವವರು, ಬಾಡಿಗೆ ವಾಹನ ನಡೆಸುವವರು ಅದನ್ನು ಕೊಂಡರೆ ಹಣ ವ್ಯರ್ಥವಾಗದು. ಯಾವುದನ್ನೇ ಆರಿಸಿದರೂ ಈ ಸಂಗತಿಗಳನ್ನು ವಿಚಾರಿಸಿ.

ಮೊದಲನೆಯದು ನಕ್ಷೆ. ಕರ್ನಾಟಕದ ಹಳ್ಳಿಗಳವರೆಗೂ ನಕ್ಷೆ ಇದೆಯೆ? ಎಷ್ಟು ವರ್ಷಗಳವರೆಗೆ ಹೊಸ ನಕ್ಷೆ ಹಣವಿಲ್ಲದೆ ಸಿಗುತ್ತದೆ? ಆಮೇಲೆ ಎಷ್ಟು ಕೊಡಬೇಕು? ಪೆಟ್ಟಿಗೆ ಅಗ್ಗವಾಗಿದ್ದು ನಕ್ಷೆ ದುಬಾರಿಯಾದರೆ ಅದು ಅಗ್ಗವಲ್ಲ. ವಿದೇಶದಿಂದ ನೆಂಟರು ತಂದ ಪೆಟ್ಟಿಗೆಯಲ್ಲಿ ಭಾರತದ ನಕ್ಷೆಯೇ ಇಲ್ಲದಿರಬಹುದು. ಅದನ್ನೂ ಕೇಳಿ ತಿಳಿಯಿರಿ.

ಎರಡನೆಯದು ಕಣ್ಣು, ಕಿವಿ. ಪರದೆ ಐದು ಅಂಗುಲಕ್ಕೆ ಕಡಿಮೆಯಿರದೆ ಬಿಸಿಲಿನಲ್ಲೂ ಕಾಣಬೇಕು. ಅಂಗಡಿಯ ನೆರಳಿನಲ್ಲಿ ನೋಡಿ ಒಪ್ಪಬೇಡಿ. ಹೊರಗೆ ತಂದು ನೋಡಿ. ಧ್ವನಿ ಎಂಜಿನ್ನಿನ ಸದ್ದಿನ ಮೇಲೆ ಕೇಳಬೇಕು. ಕನ್ನಡದಲ್ಲಿ ಹೇಳುವುದಾದರೆ ಮನೆಯ ಹಿರಿಯರಿಗೂ ತಿಳಿಯುತ್ತದೆ.

ಮೂರನೆಯದು ವಿದ್ಯುತ್ತು. ಒಳಗಿನ ಬ್ಯಾಟರಿ ಎಷ್ಟು ಗಂಟೆ ಬರುತ್ತದೆಂದು ಕೇಳಿ. ವಾಹನದಿಂದ ವಿದ್ಯುತ್ ಕೊಡುವ ತಂತಿ ಜೊತೆಯಲ್ಲಿಯೇ ಇರಲಿ. ಮೋಟಾರ್ ಸೈಕಲ್ಲಿಗೆ ಬೇಕಾದರೆ ನೀರು ಹೊಗದಂತಹುದೇ ಆಗಬೇಕು.

ನಾಲ್ಕನೆಯದು ಪರೀಕ್ಷೆ. ಅಂಗಡಿಯವರು ಬೆಂಗಳೂರಿನ ವಿಧಾನಸೌಧವನ್ನು ಹುಡುಕಿ ತೋರಿಸುತ್ತಾರೆ. ಅದು ಎಲ್ಲ ಯಂತ್ರಗಳಿಗೂ ಗೊತ್ತು. ನೀವು ಆಲ್ಕೊಳದ ನಿಮ್ಮ ಬೀದಿಯನ್ನು ಕೇಳಿ. ಸೋಗಾನೆಯ ವಿಮಾನನಿಲ್ದಾಣವನ್ನು ಕೇಳಿ. ಸಿಗಂದೂರಿಗೆ ದಾರಿ ಕೇಳಿ, ಸೇತುವೆಯ ಮೇಲೆ ಹೋಗುತ್ತದೆಯೋ ಲಾಂಚಿಗೆ ಹೋಗುತ್ತದೆಯೋ ನೋಡಿ. ಈ ಮೂರು ಪ್ರಶ್ನೆಗಳಲ್ಲಿ ನಕ್ಷೆಯ ವಯಸ್ಸು ತಿಳಿದುಹೋಗುತ್ತದೆ.

ಬಳಸುವಾಗ

ಯಂತ್ರವನ್ನು ಹೊತ್ತಿಸಿದ ಕೂಡಲೆ ಹೊರಡಬೇಡಿ. ಪ್ರತಿ ಉಪಗ್ರಹವೂ ತನ್ನ ಪಥದ ವಿವರವನ್ನು ೩೦ ಸೆಕೆಂಡಿಗೊಮ್ಮೆ ಹೇಳುತ್ತದೆ. ಎಲ್ಲ ಉಪಗ್ರಹಗಳ ಪಂಚಾಂಗವನ್ನು ಹೇಳಿ ಮುಗಿಸಲು ಹನ್ನೆರಡೂವರೆ ನಿಮಿಷ ಬೇಕು. ಬಹಳ ದಿನ ಮುಚ್ಚಿಟ್ಟ ಯಂತ್ರವನ್ನು ತೆರೆದ ಆಕಾಶದ ಕೆಳಗೆ ಕೆಲವು ನಿಮಿಷ ನಿಲ್ಲಿಸಿ. ಫೋನು ಪಥದ ವಿವರವನ್ನು ಅಂತರಜಾಲದಿಂದಲೇ ಪಡೆಯುವುದರಿಂದ ಬೇಗ ಸಿದ್ಧವಾಗುತ್ತದೆ. ಆದುದರಿಂದ ಸಂಪರ್ಕವಿರುವ ಊರಿನಲ್ಲಿಯೇ ಅದನ್ನು ತೆರೆದು, ಹೋಗುವ ಮತ್ತು ಅಕ್ಕಪಕ್ಕದ ಜಿಲ್ಲೆಗಳ ನಕ್ಷೆಯನ್ನು ಇಳಿಸಿಟ್ಟುಕೊಳ್ಳಿ.

ಊರಿನ ಹೆಸರು ಬರೆಯುವಾಗ ಎಚ್ಚರವಿರಲಿ. ೨೦೧೪ರ ನವೆಂಬರ್ ೧ರಿಂದ ಇಂಗ್ಲಿಷಿನಲ್ಲಿಯೂ ನಮ್ಮ ಊರು ಶಿವಮೊಗ್ಗವೇ ಆದರೂ ಹಳೆಯ ನಕ್ಷೆಗಳಲ್ಲಿ ಶಿಮೊಗ ಎಂದೇ ಉಳಿದಿದೆ. ಸಾಗರವೆಂದು ಬರೆದರೆ ಮಧ್ಯಪ್ರದೇಶದ ಸಾಗರ ಪಟ್ಟಣವೂ ಬರಬಹುದು. ಅದು ದೂರದಿಂದಲೇ ಗೊತ್ತಾಗುತ್ತದೆ, ಚಿಂತೆಯಿಲ್ಲ. ಮೋಸಹೋಗುವುದು ಸಿದ್ದಾಪುರದಂತಹ ಹೆಸರಿನಲ್ಲಿ. ಉತ್ತರ ಕನ್ನಡದ ಸಿದ್ದಾಪುರಕ್ಕೆ ಸಾಗರ, ತಾಳಗುಪ್ಪಗಳ ಮೇಲೆ ಹೋಗಬೇಕು. ಉಡುಪಿ ಜಿಲ್ಲೆಯ ಸಿದ್ದಾಪುರಕ್ಕೆ ಹುಲಿಕಲ್ ಘಾಟಿ ಇಳಿಯಬೇಕು. ಕೊಡಗಿನಲ್ಲಿ ಮತ್ತೊಂದು ಸಿದ್ದಾಪುರವಿದೆ. ಮದುವೆಯ ಮುಹೂರ್ತಕ್ಕೆ ಹೊರಟವರು ತಪ್ಪು ಸಿದ್ದಾಪುರ ಸೇರಿದರೆ ಉಪಗ್ರಹವನ್ನು ದೂರಿ ಫಲವಿಲ್ಲ. ಆದುದರಿಂದ ಹೆಸರನ್ನು ಒತ್ತಿದ ಮೇಲೆ ಜಿಲ್ಲೆಯನ್ನು ಓದಿ. ಇಡೀ ದಾರಿಯನ್ನು ಒಮ್ಮೆ ಪರದೆಯ ಮೇಲೆ ನೋಡಿ. ನಡುವೆ ಬರುವ ನಾಲ್ಕು ದೊಡ್ಡ ಊರುಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ಅವು ಕ್ರಮವಾಗಿ ಬರದಿದ್ದರೆ ನಿಂತು ವಿಚಾರಿಸಿ.

ಅತಿ ಹತ್ತಿರದ ದಾರಿ ಎಂಬ ಆಯ್ಕೆಯನ್ನು ಮಲೆನಾಡಿನಲ್ಲಿ ಬಳಸಬೇಡಿ. ಎರಡು ಕಿಲೋಮೀಟರು ಉಳಿಸಲು ಯಂತ್ರ ನಿಮ್ಮನ್ನು ತೋಟದ ಮಣ್ಣುದಾರಿಗೆ ಇಳಿಸಬಲ್ಲದು. ಅದರ ಲೆಕ್ಕದಲ್ಲಿ ಕೆಸರು ಇಲ್ಲ, ಹಳ್ಳದ ನೀರು ಇಲ್ಲ. ಮುಖ್ಯ ರಸ್ತೆಯನ್ನೇ ಆರಿಸಿ. ಮಣ್ಣುದಾರಿ ಬೇಡವೆಂಬ ಆಯ್ಕೆ ಇದ್ದರೆ ಅದನ್ನು ಹಾಕಿಡಿ. ಮಳೆಗಾಲದಲ್ಲಿ ಆಗುಂಬೆಯ ತಿರುವುಗಳಲ್ಲಿ ಭಾರಿ ವಾಹನಗಳ ಸಂಚಾರವನ್ನು ಜಿಲ್ಲಾಡಳಿತ ನಿಷೇಧಿಸುವುದುಂಟು. ಬಂಡೀಪುರದ ಕಾಡಿನ ಹೆದ್ದಾರಿಗಳಲ್ಲಿ ೨೦೦೯ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಸಾಮಾನ್ಯ ವಾಹನಗಳಿಗೆ ತಡೆಯಿದೆ. ಇಂತಹ ಆಜ್ಞೆಗಳು ಯಂತ್ರಕ್ಕೆ ತಿಳಿದಿದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಹೊರಡುವ ಮುನ್ನ ರೇಡಿಯೋ ವಾರ್ತೆಯನ್ನೂ ದಿನಪತ್ರಿಕೆಯನ್ನೂ ಗಮನಿಸುವುದು ಈಗಲೂ ಒಳ್ಳೆಯ ಅಭ್ಯಾಸ.

ಯಂತ್ರವನ್ನು ಚಾಲಕರ ನೋಟಕ್ಕೆ ಅಡ್ಡಬಾರದಂತೆ ಗಾಜಿನ ಕೆಳಮೂಲೆಯಲ್ಲಿ ಭದ್ರವಾಗಿ ಕೂರಿಸಿ. ವಾಹನ ನಡೆಸುವಾಗ ಕೈಯಲ್ಲಿನ ಫೋನನ್ನು ದಾರಿ ನೋಡಲು ಮಾತ್ರ, ಅದೂ ಚಾಲಕನ ಗಮನ ಕೆಡದಂತೆ, ಬಳಸಬಹುದೆಂದು ೨೦೨೦ರ ಅಕ್ಟೋಬರಿನಿಂದ ಮೋಟಾರು ವಾಹನ ನಿಯಮ ಹೇಳುತ್ತದೆ. ಓಡುವ ವಾಹನದಲ್ಲಿ ಅಕ್ಷರ ಒತ್ತುವುದು ಆ ಅನುಮತಿಗೆ ಸೇರದು. ಗಂಟೆಗೆ ೬೦ ಕಿಲೋಮೀಟರು ವೇಗದಲ್ಲಿ ಎರಡು ಸೆಕೆಂಡು ಕಣ್ಣು ತಪ್ಪಿದರೆ ವಾಹನ ೩೩ ಮೀಟರು ಮುಂದೆ ಹೋಗಿರುತ್ತದೆ. ಒತ್ತುವ ಕೆಲಸ ಪಕ್ಕದಲ್ಲಿ ಕುಳಿತವರದು. ಒಬ್ಬರೇ ಇದ್ದರೆ ನಿಲ್ಲಿಸಿಯೇ ಒತ್ತಿ. ತಿರುವು ತಪ್ಪಿದರೆ ಗಾಬರಿಯಿಂದ ಹಠಾತ್ತನೆ ತಿರುಗಿಸಬೇಡಿ. ಯಂತ್ರ ಬೇರೆ ದಾರಿ ಗುಣಿಸಿ ಹೇಳುತ್ತದೆ.

ಇನ್ನೊಂದು ಸಣ್ಣ ಎಚ್ಚರಿಕೆ. ಯಂತ್ರದಲ್ಲಿ 'ಮನೆ' ಎಂದು ಗುರುತಿಸುವಾಗ ನಿಮ್ಮ ಬಾಗಿಲನ್ನೇ ಗುರುತಿಸದೆ ಆಲ್ಕೊಳ ವೃತ್ತದಂತಹ ಹತ್ತಿರದ ಜಾಗವನ್ನು ಗುರುತಿಸಿ. ವಾಹನದಿಂದ ಪೆಟ್ಟಿಗೆ ಕಳುವಾದರೆ, ಯಜಮಾನರಿಲ್ಲದ ಮನೆಗೆ ಅದು ಕಳ್ಳನಿಗೂ ದಾರಿ ಹೇಳೀತು.

ಆಪತ್ತಿನಲ್ಲಿ

ವಾಹನ ಕೆಟ್ಟಿತು, ಅಥವಾ ಅಪಘಾತವಾಯಿತು. ಊರ ಹೆಸರು ತಿಳಿಯದು. ಆಗ ಯಂತ್ರದಲ್ಲಿ ಅಕ್ಷಾಂಶ ಮತ್ತು ರೇಖಾಂಶಗಳ ಅಂಕಿಗಳನ್ನು ತೆರೆದು, ೧೧೨ಕ್ಕೆ ಕರೆಮಾಡಿ, ಅಂಕಿಗಳನ್ನು ನಿಧಾನವಾಗಿ ಓದಿ ಹೇಳಿ. ದಶಮಾಂಶದ ನಾಲ್ಕನೆಯ ಸ್ಥಾನದವರೆಗೆ ಹೇಳಿದರೆ ಸುಮಾರು ಹನ್ನೊಂದು ಮೀಟರಿನ ನಿಖರತೆ ಬರುತ್ತದೆ. ಆದರೆ ಒಂದು ಗೊಂದಲಕ್ಕೆ ಎಡೆಗೊಡಬೇಡಿ. ಶಿವಮೊಗ್ಗದ ಅಕ್ಷಾಂಶವನ್ನು ದಶಮಾಂಶದಲ್ಲಿ ಹೇಳಿದರೆ ೧೩.೯೩, ಹಳೆಯ ಕ್ರಮದಲ್ಲಿ ಹೇಳಿದರೆ ೧೩ ಅಂಶ ೫೬ ನಿಮಿಷ. ಎರಡೂ ಒಂದೇ. ಈ ೫೬ ನಿಮಿಷವನ್ನು ಕೇಳಿದವರು ೧೩.೫೬ ಎಂದು ಬರೆದುಕೊಂಡರೆ ನಿಮ್ಮನ್ನು ಹುಡುಕುವವರು ಸುಮಾರು ನಲವತ್ತು ಕಿಲೋಮೀಟರು ದಕ್ಷಿಣಕ್ಕೆ ಹೋಗಿಬಿಡುತ್ತಾರೆ. 'ದಶಮಾಂಶ' ಅಥವಾ 'ನಿಮಿಷ' ಎಂಬ ಮಾತನ್ನು ಬಿಡದೆ ಹೇಳಿ. ಇದನ್ನು ಮನೆಯ ಅಂಗಳದಲ್ಲಿ ಒಮ್ಮೆ ಅಭ್ಯಾಸ ಮಾಡಿ; ಮಕ್ಕಳಿಗೂ ಕಲಿಸಿ. ಕರೆ ಹೋಗಲು ಮಾತ್ರ ಫೋನಿನ ಸಂಪರ್ಕ ಬೇಕೆಂಬುದನ್ನು ಮರೆಯದೆ, ದೂರದ ಕಾಡಿನ ದಾರಿಗೆ ಹೊರಡುವಾಗ ಯಾವ ರಸ್ತೆಯಲ್ಲಿ ಹೋಗುವಿರಿ, ಎಷ್ಟು ಹೊತ್ತಿಗೆ ತಲಪುವಿರಿ ಎಂಬುದನ್ನು ಮನೆಯಲ್ಲಿ ತಿಳಿಸಿಯೇ ಹೊರಡಿ.

ಒಳ್ಳೆಯ ಯಂತ್ರ, ಹೊಸ ನಕ್ಷೆ, ಹೊರಡುವ ಮುನ್ನ ಹತ್ತು ನಿಮಿಷದ ಸಿದ್ಧತೆ, ಇಷ್ಟಿದ್ದರೆ ಅಪರಿಚಿತ ದಾರಿಯ ಅರ್ಧ ಆತಂಕ ಕಳೆಯುತ್ತದೆ. ಉಳಿದರ್ಧಕ್ಕೆ ಹಳೆಯ ಉಪಾಯವೇ ಇದೆ. ಎದುರಿಗೆ ಕತ್ತಲಿದ್ದು ಯಂತ್ರ 'ನೇರ ಹೋಗಿ' ಎನ್ನುತ್ತಿದ್ದರೆ, ಹಿಂದಿನ ಹಳ್ಳಿಯ ದೀಪದವರೆಗೆ ಮರಳಿ ಬಂದು ಅಲ್ಲಿಯವರನ್ನು ಕೇಳಿ. ನಿನ್ನೆಯ ಮಳೆಗೆ ಯಾವ ಮೋರಿ ಕುಸಿಯಿತೆಂಬುದು ಅವರಿಗೆ ಗೊತ್ತಿರುತ್ತದೆ.